ಹತ್ತಿರದ ದಾರಿ, ಬೇಗದ ದಾರಿ

ಕ್ಯಾಲಿಫೋರ್ನಿಯದಲ್ಲಿ ನೆಲಸಿರುವ ಮಗನನ್ನೋ ಮಗಳನ್ನೋ ನೋಡಿಬರಲು ಹೊರಡುವ ತಂದೆತಾಯಿಗಳು ಈಗ ನಮ್ಮ ನಗರಗಳಲ್ಲಿ ವಿರಳರಲ್ಲ. ಅವರು ಕೇಳುವ ಪ್ರಶ್ನೆಗಳು ಎರಡು: ಆ ಊರು ಎಷ್ಟು ದೂರ? ಪ್ರಯಾಣ ಎಷ್ಟು ಹೊತ್ತು? ದೂರವು ತಿಳಿದರೆ ಕಾಲವನ್ನು ಭಾಗಾಕಾರದಿಂದ ಪಡೆಯಬಹುದೆಂದು ನಾವು ಸಹಜವಾಗಿ ಭಾವಿಸುತ್ತೇವೆ. ಆದರೆ ಆಕಾಶಮಾರ್ಗದಲ್ಲಿ ಈ ಲೆಕ್ಕವು ತಪ್ಪುವುದುಂಟು. ದೆಹಲಿ ಮತ್ತು ಸ್ಯಾನ್ ಫ್ರಾನ್ಸಿಸ್ಕೊ ನಗರಗಳ ನಿದರ್ಶನವನ್ನು ನೋಡೋಣ.

ಭೂಗೋಳದ ಮೇಲೆ ಈ ಎರಡು ನಗರಗಳ ನಡುವೆ ಒಂದು ದಾರವನ್ನು ಬಿಗಿಯಾಗಿ ಎಳೆದು ಹಿಡಿಯಿರಿ. ಅದು ಸೈಬೀರಿಯವನ್ನು ಹಾಯ್ದು, ಆರ್ಕ್ಟಿಕ್ ಸಮುದ್ರವನ್ನು ದಾಟಿ, ಅಲಾಸ್ಕದ ಕಡೆಯಿಂದ ಇಳಿಯುವುದು. ಭೂಮಿಯು ಗೋಳಾಕಾರವಾದುದರಿಂದ ಇದೇ ಅತ್ಯಂತ ಹತ್ತಿರದ ದಾರಿ. ಸುಮಾರು 12,400 ಕಿಲೋಮೀಟರು. ಗೋಡೆಯ ಮೇಲಣ ಚಪ್ಪಟೆಯಾದ ಭೂಪಟವು ಈ ಸತ್ಯವನ್ನು ಮರೆಮಾಡುತ್ತದೆ.

ಏರ್ ಇಂಡಿಯಾ ಸಂಸ್ಥೆಯ ವಿಮಾನವು ದೆಹಲಿಯಿಂದ ಹೊರಟು, ಪಶ್ಚಿಮಾಭಿಮುಖವಾಗಿ ಅಟ್ಲಾಂಟಿಕ್ ಸಾಗರವನ್ನು ದಾಟಿ, ಸುಮಾರು 13,900 ಕಿಲೋಮೀಟರು ಹಾರಿ ಆ ನಗರವನ್ನು ಸೇರುತ್ತಿದ್ದಿತು. 2016ರ ಅಕ್ಟೋಬರಿನಲ್ಲಿ ಆ ಸಂಸ್ಥೆಯು ದಿಕ್ಕನ್ನೇ ಬದಲಾಯಿಸಿ, ಪೂರ್ವಕ್ಕೆ ಶಾಂತಸಾಗರದ ಮೇಲೆ ವಿಮಾನವನ್ನು ಕಳುಹಿಸಿತು. ದಾರಿಯು ಸುಮಾರು 15,300 ಕಿಲೋಮೀಟರಾಯಿತು. ಆದರೂ ಪ್ರಯಾಣವು ಹದಿನಾಲ್ಕೂವರೆ ಗಂಟೆಗಳಲ್ಲಿ ಮುಗಿಯಿತು. ಹಿಂದಿಗಿಂತ ಸುಮಾರು ಎರಡು ಗಂಟೆಗಳ ಉಳಿತಾಯ!

ಇದಕ್ಕೆ ಕಾರಣವು ಗಾಳಿ. ನೆಲದಿಂದ ಹತ್ತು ಕಿಲೋಮೀಟರು ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಪ್ರಬಲವಾದ ವಾಯುಪ್ರವಾಹಗಳು ಹರಿಯುತ್ತಿರುವುವು. ಹೊಳೆಯ ಸೆಳವಿನೊಡನೆ ಸಾಗುವ ದೋಣಿಗೂ, ಸೆಳವಿಗೆದುರಾಗಿ ಹುಟ್ಟುಹಾಕುವ ದೋಣಿಗೂ ಇರುವ ಅಂತರವೇ ಇಲ್ಲಿಯೂ ಇದೆ. ಗಾಳಿಯಲ್ಲಿ ವಿಮಾನದ ಸ್ವಂತ ವೇಗವು ಗಂಟೆಗೆ ಸುಮಾರು 900 ಕಿಲೋಮೀಟರು. ಆದರೆ 15,300ನ್ನು ಹದಿನಾಲ್ಕೂವರೆಯಿಂದ ಭಾಗಿಸಿದರೆ 1,055 ದೊರೆಯುವುದು. ಹೆಚ್ಚಿನ ಭಾಗವು ಗಾಳಿಯ ದಾನ. ಹಿಂದಿರುಗುವಾಗ ಅದೇ ದಾರಿಯನ್ನು ಹಿಡಿದರೆ ಆ ದಾನಿಯೇ ಎದುರಾಳಿಯಾಗುವನು. ಆದುದರಿಂದ ಪ್ರತಿ ಯಾನಕ್ಕೂ ಮುನ್ನ ಅಂದಿನ ಗಾಳಿಯನ್ನು ನೋಡಿಯೇ ಮಾರ್ಗವನ್ನು ಗೊತ್ತುಮಾಡುವರು. ಉಳಿದ ಪ್ರತಿಯೊಂದು ಗಂಟೆಯೂ ಉಳಿದ ಇಂಧನವಲ್ಲವೆ?

ಗಡಿಯಾರವೂ ನಮ್ಮನ್ನು ವಂಚಿಸಬಲ್ಲುದು. ಅಕ್ಟೋಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಗರದ ಗಡಿಯಾರವು ನಮ್ಮದಕ್ಕಿಂತ ಹನ್ನೆರಡೂವರೆ ಗಂಟೆ ಹಿಂದೆ ಇರುವುದು. ಮುಂಜಾನೆ ನಾಲ್ಕಕ್ಕೆ ದೆಹಲಿಯನ್ನು ಬಿಟ್ಟವರು, ಹದಿನಾಲ್ಕೂವರೆ ಗಂಟೆ ಹಾರಿದ ಮೇಲೆಯೂ, ಅಲ್ಲಿ ಅದೇ ದಿನದ ಮುಂಜಾನೆ ಆರಕ್ಕೇ ಇಳಿಯುವರು! ಚೀಟಿಯ ಮೇಲಣ ಎರಡು ವೇಳೆಗಳನ್ನಷ್ಟೇ ನೋಡಿದವರಿಗೆ ಇದು ಎರಡು ಗಂಟೆಗಳ ಪಯಣವೆಂದು ತೋರೀತು.

ಆದುದರಿಂದ, ಮನೆಯಲ್ಲಿ ಕುಳಿತು ಪ್ರಯಾಣಿಕರ ಸುದ್ದಿಗಾಗಿ ಕಾಯುವವರು ಭೂಪಟವನ್ನಾಗಲಿ ಎರಡು ಊರುಗಳ ಗಡಿಯಾರಗಳನ್ನಾಗಲಿ ನಂಬಿ ಕಳವಳಪಡಬೇಕಾದುದಿಲ್ಲ. ಹಾರಾಟದ ಗಂಟೆಗಳೆಷ್ಟೆಂದು ಕೇಳಿಕೊಂಡು, ಹೊರಟ ವೇಳೆಗೆ ಕೂಡಿಸಿ, ನಮ್ಮ ಗೋಡೆಯ ಗಡಿಯಾರವನ್ನು ನೋಡಿದರೆ ಸಾಕು. ಅಂದಿನ ಗಾಳಿಗಾಗಿ ಸ್ವಲ್ಪ ಹೊತ್ತನ್ನು ಬಿಟ್ಟುಕೊಟ್ಟರೆ, ಆ ಲೆಕ್ಕವು ಬಹುಮಟ್ಟಿಗೆ ತಪ್ಪದು.