ಉಪವಾಸ, ಕೀಟೋ ಆಹಾರ ಮತ್ತು ಚಿಟಿಕೆ ಉಪ್ಪು

ತೂಕ ಇಳಿಸಲು ಅಥವಾ ಸಕ್ಕರೆ ಕಾಯಿಲೆಯನ್ನು ಹತೋಟಿಗೆ ತರಲು ಅನ್ನ, ರೊಟ್ಟಿ, ಸಿಹಿಯನ್ನು ಬಿಟ್ಟು, ದಿನದಲ್ಲಿ ಎಂಟು ಗಂಟೆಯೊಳಗೆ ಮಾತ್ರ ಊಟ ಮಾಡಿ ಉಳಿದ ಹದಿನಾರು ಗಂಟೆ ಉಪವಾಸವಿರುವ ಕ್ರಮ ಈಗ ನಮ್ಮ ಧರ್ಮಕೇಂದ್ರಗಳಲ್ಲೂ ಅನೇಕರಿಗೆ ಪರಿಚಿತವಾಗಿದೆ. ಹೀಗೆ ಮಾಡುವವರಲ್ಲಿ ಹಲವರು ಮೂರು ನಾಲ್ಕು ದಿನಗಳಲ್ಲೇ ತಲೆನೋವು, ತಲೆಸುತ್ತು, ಕಾಲಿನ ಸೆಳೆತ, ವಿಪರೀತ ಆಯಾಸ ಎಂದು ಹೇಳಿಕೊಳ್ಳುತ್ತಾರೆ. ಹಸಿವು ತಡೆಯಲಾಗಲಿಲ್ಲ ಎಂದುಕೊಂಡು ಬಿಟ್ಟುಬಿಡುತ್ತಾರೆ. ಆದರೆ ಅನೇಕ ಬಾರಿ ಇದಕ್ಕೆ ಕಾರಣ ದೇಹದಿಂದ ಹೊರಟುಹೋದ ಉಪ್ಪು ಮತ್ತು ನೀರು. ಇದನ್ನು ತಿಳಿದರೆ ಪರಿಹಾರ ಸುಲಭ. ಆದರೆ ಈ ಮಾತು ಕೇಳಿ ಎಲ್ಲರೂ ಉಪ್ಪು ಹೆಚ್ಚಿಸಿಕೊಂಡರೆ ಕೆಲವರ ಜೀವಕ್ಕೇ ಅಪಾಯ. ಆದ್ದರಿಂದ ಎರಡೂ ಕಡೆಯ ವಿಷಯವನ್ನು ತಿಳಿದುಕೊಳ್ಳುವುದು ಅಗತ್ಯ.

ಉಪ್ಪು ಹೇಗೆ ಹೊರಹೋಗುತ್ತದೆ?

ಕೀಟೋ ಆಹಾರ ಹೊಸದಲ್ಲ. 1921ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನ ವೈದ್ಯ ರಸೆಲ್ ವೈಲ್ಡರ್ ಮೂರ್ಛೆರೋಗಿಗಳಿಗಾಗಿ ಇದನ್ನು ಸೂಚಿಸಿದರು. ಇದರಲ್ಲಿ ಪಿಷ್ಟ, ಅಂದರೆ ಕಾರ್ಬೋಹೈಡ್ರೇಟ್, ದಿನಕ್ಕೆ ಸಾಮಾನ್ಯವಾಗಿ 50 ಗ್ರಾಂ ಒಳಗೇ ಇರುತ್ತದೆ. ಆಗ ದೇಹವು ಕೊಬ್ಬನ್ನು ಕರಗಿಸಿ ಕೀಟೋನ್ ಎಂಬ ಇಂಧನವನ್ನು ತಯಾರಿಸಿಕೊಳ್ಳುತ್ತದೆ.

ಪಿಷ್ಟ ಕಡಿಮೆಯಾದಾಗ ರಕ್ತದಲ್ಲಿ ಇನ್ಸುಲಿನ್ ಇಳಿಯುತ್ತದೆ. ಸೋಡಿಯಂ ಅನ್ನು ಹಿಡಿದಿಟ್ಟುಕೊಳ್ಳುವಂತೆ ಮೂತ್ರಪಿಂಡಗಳಿಗೆ ಸೂಚನೆ ಕೊಡುವುದೂ ಇನ್ಸುಲಿನ್‌ನ ಕೆಲಸ. ಆ ಸೂಚನೆ ಕುಗ್ಗಿದಾಗ ಸೋಡಿಯಂ ಮೂತ್ರದಲ್ಲಿ ಹೊರಹೋಗುತ್ತದೆ, ಜೊತೆಗೆ ನೀರೂ ಹೋಗುತ್ತದೆ. ದೇಹದಲ್ಲಿ ಶೇಖರವಾಗಿರುವ ಗ್ಲೈಕೋಜನ್ ಕರಗುವಾಗ ಅದರೊಂದಿಗಿದ್ದ ನೀರೂ ಬಿಡುಗಡೆಯಾಗುತ್ತದೆ. ಮೊದಲ ವಾರದಲ್ಲಿ ಇಳಿಯುವ ತೂಕದ ದೊಡ್ಡ ಪಾಲು ಈ ನೀರೇ. ಉಪವಾಸವೂ ಇನ್ಸುಲಿನ್ ಇಳಿಸುವುದರಿಂದ, ಎರಡೂ ಸೇರಿದಾಗ ನಷ್ಟ ಇನ್ನೂ ಹೆಚ್ಚು.

ಅರಕೇರಿಯ ತಟ್ಟೆಯ ಲೆಕ್ಕ

ಉಪ್ಪು ಕಡಿಮೆಯಾಗಲು ಇನ್ನೊಂದು ಕಾರಣ ನಮ್ಮ ತಟ್ಟೆಯಲ್ಲೇ ಇದೆ. ವಿಜಯಪುರ, ಬಾಗಲಕೋಟೆ ಕಡೆಯಿಂದ ಕರಾವಳಿಗೆ ಕಟ್ಟಡ ಕೆಲಸಕ್ಕೆ ಬಂದವರ ಬುತ್ತಿಯನ್ನು ನಮ್ಮಲ್ಲಿ ಅನೇಕರು ನೋಡಿದ್ದೇವೆ. ಅಮೋಘಸಿದ್ಧ ದೇವಸ್ಥಾನದಿಂದ ಹೆಸರಾದ ವಿಜಯಪುರ ಜಿಲ್ಲೆಯ ಅರಕೇರಿಯ ಊಟವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಜೋಳದ ರೊಟ್ಟಿಗೆ ಸಾಮಾನ್ಯವಾಗಿ ಉಪ್ಪು ಹಾಕುವುದಿಲ್ಲ. ಉಪ್ಪು ಇರುವುದು ಅದರ ಜೊತೆಗಿನ ಶೇಂಗಾ ಹಿಂಡಿ, ಗುರೆಳ್ಳ ಹಿಂಡಿ, ಪಲ್ಯ, ಮಜ್ಜಿಗೆಯಲ್ಲಿ. 50 ಗ್ರಾಂ ಹಿಟ್ಟಿನ ಒಂದು ರೊಟ್ಟಿಯಲ್ಲಿ ಸುಮಾರು 34 ಗ್ರಾಂ ಪಿಷ್ಟವಿರುತ್ತದೆ. ಒಂದೂವರೆ ರೊಟ್ಟಿಗೇ ಕೀಟೋದ ದಿನದ ಮಿತಿ ಮುಗಿಯುವುದರಿಂದ ರೊಟ್ಟಿಯನ್ನು ಬಿಡಬೇಕಾಗುತ್ತದೆ. ರೊಟ್ಟಿ ಹೋದ ಮೇಲೆ ಅದಕ್ಕೆ ಹಚ್ಚಿಕೊಳ್ಳುವ ಹಿಂಡಿಯೂ ಕಡಿಮೆಯಾಗುತ್ತದೆ. ಹೀಗೆ ಯಾರೂ ಬೇಕೆಂದು ಬಿಡದೆಯೇ ಉಪ್ಪು ತಟ್ಟೆಯಿಂದ ಜಾರಿಹೋಗುತ್ತದೆ.

ಕರಾವಳಿಯಲ್ಲೂ ಇದೇ ಕಥೆ. ಗಂಜಿ ಬಿಟ್ಟವರು ಅದಕ್ಕೆ ಹಾಕುವ ಉಪ್ಪು, ಉಪ್ಪಿನಕಾಯಿ, ಒಣಮೀನಿನ ಚಟ್ನಿಯನ್ನೂ ಬಿಟ್ಟಿರುತ್ತಾರೆ. ಇದರೊಂದಿಗೆ ಬೆವರಿನ ನಷ್ಟ ಬೇರೆ. ನಮ್ಮಲ್ಲಿ ಬೆವರು ಅಂಗಿ ತೋಯಿಸುವುದರಿಂದ ಗೊತ್ತಾಗುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ವಿಜಯಪುರದ ಒಣ ಬಿಸಿಲಿನಲ್ಲಿ ಬೆವರು ಕೂಡಲೇ ಆರಿಹೋಗುವುದರಿಂದ ಹೊಲದಲ್ಲಿ ದುಡಿಯುವವರಿಗೆ ನಷ್ಟದ ಅರಿವೇ ಆಗುವುದಿಲ್ಲ.

ಎಷ್ಟು ಉಪ್ಪು ಬೇಕು?

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರು ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು, ಅಂದರೆ 2 ಗ್ರಾಂಗಿಂತ ಕಡಿಮೆ ಸೋಡಿಯಂ ತೆಗೆದುಕೊಳ್ಳಬೇಕು. ಇದು ಹೆಚ್ಚುಕಡಿಮೆ ಒಂದು ಟೀ ಚಮಚ. ಆದರೆ ಕೀಟೋ ಆಹಾರವನ್ನು ಅಧ್ಯಯನ ಮಾಡಿದ ಅಮೆರಿಕದ ವೈದ್ಯ ಸ್ಟೀಫನ್ ಫಿನ್ನಿ 2004ರ ತಮ್ಮ ಲೇಖನದಲ್ಲಿ ದಿನಕ್ಕೆ 3ರಿಂದ 5 ಗ್ರಾಂ ಸೋಡಿಯಂ ಬೇಕೆಂದು ಸೂಚಿಸಿದ್ದಾರೆ. ಮೊದಲನೆಯದು ಎಲ್ಲ ಜನರಿಗೆ ಹೇಳಿದ್ದು, ಎರಡನೆಯದು ಪಿಷ್ಟವನ್ನು ನಿಜವಾಗಿಯೂ ಬಿಟ್ಟವರಿಗೆ ಹೇಳಿದ್ದು. ಬೆಳಿಗ್ಗೆ ಉಪವಾಸವಿದ್ದು ಮಧ್ಯಾಹ್ನ ಅನ್ನ ಉಣ್ಣುವವರಿಗೆ ಎರಡನೆಯ ಲೆಕ್ಕ ಅನ್ವಯಿಸದು.

ರಕ್ತದೊತ್ತಡ, ಮೂತ್ರಪಿಂಡ, ಹೃದಯ ಎಲ್ಲವೂ ಸರಿಯಿದ್ದು ಯಾವ ಮಾತ್ರೆಯನ್ನೂ ಸೇವಿಸದವರು ಆರಂಭದ ದಿನಗಳಲ್ಲಿ ಈ ಕ್ರಮವನ್ನು ಅನುಸರಿಸಬಹುದು:

1. ಊಟದ ವೇಳೆಯಲ್ಲಿ ಕಾಲು ಟೀ ಚಮಚ ಉಪ್ಪು ಹಾಕಿದ ನೀರು ಮಜ್ಜಿಗೆ ಅಥವಾ ಮಾಂಸದ ಸಾರು ಒಂದು ಲೋಟ. ಇದರಿಂದ ಸುಮಾರು 600 ಮಿಲಿಗ್ರಾಂ ಸೋಡಿಯಂ ಸಿಗುತ್ತದೆ.
2. ಉಪವಾಸದ ವೇಳೆಯಲ್ಲಿ ತಲೆಸುತ್ತು ಬಂದರೆ ಒಂದು ಲೋಟ ನೀರಿಗೆ ಚಿಟಿಕೆ ಉಪ್ಪು. ಉಪ್ಪಿನಲ್ಲಿ ಶಕ್ತಿಯ ಅಂಶ ಇಲ್ಲದಿರುವುದರಿಂದ ಕೀಟೋನ್ ತಯಾರಿಕೆಗೆ ಅಡ್ಡಿಯಾಗದು.
3. ಅಯೋಡಿನ್ ಸೇರಿದ ಸಾಮಾನ್ಯ ಉಪ್ಪೇ ಸಾಕು. ಸೈಂಧವ ಉಪ್ಪಿನಲ್ಲೂ ಇರುವುದು ಬಹುಪಾಲು ಅದೇ ಸೋಡಿಯಂ.
4. ಉಪ್ಪಿಲ್ಲದೆ ಬರೀ ನೀರನ್ನು ಲೀಟರ್‌ಗಟ್ಟಲೆ ಕುಡಿಯಬಾರದು. ರಕ್ತದಲ್ಲಿ ಸೋಡಿಯಂ ಇನ್ನಷ್ಟು ತೆಳುವಾಗುತ್ತದೆ.

ಉಪ್ಪು ನೀರು ಕುಡಿದು ಸ್ವಲ್ಪ ಹೊತ್ತಿನಲ್ಲಿ ತಲೆಸುತ್ತು ಕಡಿಮೆಯಾಗದಿದ್ದರೆ ಉಪವಾಸ ಮುರಿದು ಊಟ ಮಾಡಬೇಕು. ವಾಂತಿ, ಗೊಂದಲದ ಮಾತು, ಏದುಸಿರು, ಪ್ರಜ್ಞೆ ತಪ್ಪುವುದು ಕಂಡರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು.

ಯಾರು ಎಚ್ಚರ ವಹಿಸಬೇಕು?

ರಕ್ತದೊತ್ತಡ, ಹೃದಯ ವೈಫಲ್ಯ ಅಥವಾ ಮೂತ್ರಪಿಂಡದ ಕಾಯಿಲೆ ಇರುವವರು ತಾವಾಗಿಯೇ ಉಪ್ಪು ಹೆಚ್ಚಿಸಬಾರದು. ಮೂತ್ರ ಹೆಚ್ಚಿಸುವ ಬಿ.ಪಿ. ಮಾತ್ರೆ ಸೇವಿಸುವವರು ಕೀಟೋ ಆರಂಭಿಸಿದರೆ ಒತ್ತಡ ತೀರಾ ಇಳಿಯಬಹುದು. ಅವರಿಗೆ ಬೇಕಾಗುವುದು ವೈದ್ಯರು ಮಾತ್ರೆಯ ಪ್ರಮಾಣವನ್ನು ಮರುಪರಿಶೀಲಿಸುವುದು. ಸೋಡಿಯಂ ಕಡಿಮೆ ಎಂದು ಮಾರುವ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುವುದರಿಂದ ಮೂತ್ರಪಿಂಡದ ರೋಗಿಗಳಿಗೆ ಅದು ಅಪಾಯಕಾರಿ.

ಸಕ್ಕರೆ ಕಾಯಿಲೆಯವರು ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ತೆಗೆದುಕೊಂಡು ಉಪವಾಸವಿದ್ದರೆ ಸಕ್ಕರೆ ಪ್ರಮಾಣ ಕುಸಿಯಬಹುದು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆ ಸೇವಿಸುವವರಲ್ಲಿ ಸಕ್ಕರೆ ಹೆಚ್ಚು ಏರದೆಯೇ ರಕ್ತ ಆಮ್ಲೀಯವಾಗುವ ಅಪಾಯವಿದೆ. ಇದಕ್ಕೆ ಉಪ್ಪು ಪರಿಹಾರವಲ್ಲ. ಇವರೆಲ್ಲರೂ, ಗರ್ಭಿಣಿಯರೂ ಹಾಲುಣಿಸುವ ತಾಯಂದಿರೂ ವೈದ್ಯರನ್ನು ಕೇಳದೆ ಈ ಕ್ರಮವನ್ನು ಆರಂಭಿಸಲೇಬಾರದು.

ಗುರಿಕಾರರಿಗೂ ಕಾರ್ಯಕರ್ತರಿಗೂ ಒಂದು ಮಾತು

ತಪಸ್ಸುಕಾಲದಲ್ಲಿ ಕೆಲವರು ಕೀಟೋವನ್ನೂ ವ್ರತವನ್ನೂ ಒಟ್ಟಿಗೆ ಸೇರಿಸಿಕೊಳ್ಳುತ್ತಾರೆ. ಧರ್ಮಸಭೆಯ ಉಪವಾಸದ ನಿಯಮ 18 ವರ್ಷ ತುಂಬಿದವರಿಂದ 59 ವರ್ಷ ತುಂಬುವವರೆಗಿನವರಿಗೆ ಮಾತ್ರ. ಕಾಯಿಲೆಯವರು ಅದಕ್ಕೆ ಬದ್ಧರಲ್ಲ. ಪರಮಪ್ರಸಾದಕ್ಕೆ ಮುಂಚಿನ ಒಂದು ಗಂಟೆಯ ಉಪವಾಸದಲ್ಲೂ ನೀರು ಮತ್ತು ಔಷಧಿಗೆ ಅಡ್ಡಿಯಿಲ್ಲ. ಪೂಜೆಯ ವೇಳೆ ಯಾರಾದರೂ ತಲೆಸುತ್ತಿ ಕುಳಿತರೆ, ಎಚ್ಚರವಿದ್ದಲ್ಲಿ ನೀರು ಕೊಡಿ. ಜೊತೆಗೆ ಅವರು ಯಾವ ಮಾತ್ರೆ ಸೇವಿಸುತ್ತಿದ್ದಾರೆ ಎಂದು ಮೊದಲು ಕೇಳಿ. ಉಪ್ಪು ಕೊಡಬೇಕೇ, ಸಕ್ಕರೆ ಕೊಡಬೇಕೇ, ಆಸ್ಪತ್ರೆಗೆ ಕಳುಹಿಸಬೇಕೇ ಎಂಬುದು ಆ ಉತ್ತರದಿಂದಲೇ ತಿಳಿಯುತ್ತದೆ.