ಏರಿಯ ಮೇಲಿನ ದಾರಿ

ಆಷಾಢದಲ್ಲಿ ಬೆಳ್ಳಾವಿಯಿಂದ ಗುಬ್ಬಿಗೆ ಸೈಕಲ್ ಹೊಡೆಯುವವರಿಗೆ ಗಾಳಿ ನೇರ ಎದೆಗೇ ಬೀಸುತ್ತದೆ. ಮುಂಗಾರಿನ ಗಾಳಿ ನೈಋತ್ಯದ್ದು, ಗುಬ್ಬಿ ಇರುವುದೂ ಹೆಚ್ಚುಕಡಿಮೆ ಆ ಕಡೆಗೇ. ನಾಲ್ಕು ಮೈಲಿ ಹೋಗುವಷ್ಟರಲ್ಲಿ ತೊಡೆ ಸೋತು ಇಳಿಯಬೇಕಾಗುತ್ತದೆ. ಇಳಿದ ಜಾಗದಲ್ಲಿ ಹಳೇ ಬಾವಿಯೊಂದಿದ್ದು, ಅದರ ಮೇಲೆ ಜಾಲಿಮರ ಬಾಗಿದ್ದರೆ, ಗೀಜಗನ ಗೂಡುಗಳನ್ನು ಗಮನಿಸಿ. ಬಹುಪಾಲು ಗೂಡುಗಳು ಮರದ ಪೂರ್ವದ ಮಗ್ಗುಲಲ್ಲೇ ತೂಗುತ್ತವೆ. ನಮ್ಮನ್ನು ಸೈಕಲ್ಲಿನಿಂದ ಇಳಿಸಿದ ಗಾಳಿಗೇ ಆ ಹಕ್ಕಿಯೂ ಬೆನ್ನು ಕೊಟ್ಟಿರುತ್ತದೆ.

ನೆಯ್ಯುವುದೆಲ್ಲ ಗಂಡಿನ ಕೆಲಸ. ಗೂಡು ಅರ್ಧಕ್ಕೆ ಬಂದಾಗ ಹೆಣ್ಣು ಬಂದು ಒಳಗೆ ಹೊಕ್ಕು ಪರೀಕ್ಷೆ ಮಾಡುತ್ತದೆ. ಅದು ಒಪ್ಪಿದರೆ ಮಾತ್ರ ಗಂಡು ಮುಂದುವರಿದು ಉದ್ದನೆಯ ಕೊಳವೆ ಹೆಣೆಯುತ್ತದೆ, ಒಪ್ಪದಿದ್ದರೆ ಗೂಡು ಹಾಗೇ ಬೋಳಾಗಿ ಉಳಿಯುತ್ತದೆ. ಒಂದೇ ಮರದಲ್ಲಿ ಮುಗಿದ ಗೂಡು, ಮುಗಿಯದ ಗೂಡು ಎರಡನ್ನೂ ಎಣಿಸುತ್ತಾ ನಿಂತರೆ ಉಸಿರು ತಾನಾಗಿ ಹತೋಟಿಗೆ ಬರುತ್ತದೆ.

ನಾನು ಹೇಳಹೊರಟ ಸುತ್ತು ಇದು: ಬೆಳ್ಳಾವಿ, ಗುಬ್ಬಿ, ಕಡಬ, ಕುಣಿಗಲ್, ವಾಪಸು ಬರುವಾಗ ಹೆಬ್ಬೂರು, ನಾಗವಲ್ಲಿ, ಗೂಳೂರು, ಕೈದಾಳ, ತುಮಕೂರು, ಮತ್ತೆ ಬೆಳ್ಳಾವಿ. ನೂರು ಕಿಲೋಮೀಟರ್ ದಾಟುತ್ತದೆ. ಒಂದೇ ದಿನದಲ್ಲಿ ಮುಗಿಸುವ ಹುಡುಗರಿದ್ದಾರೆ. ಅವರ ಲೆಕ್ಕಕ್ಕೆ ಕಿಲೋಮೀಟರ್ ಸೇರುತ್ತದೆ, ಹಕ್ಕಿ ಸೇರುವುದಿಲ್ಲ. ಕುಣಿಗಲ್ಲಿನಲ್ಲಿ ಒಂದು ರಾತ್ರಿ ಉಳಿಯುವುದು ಮೇಲು.

ಹೊರಡುವ ಊರಿಗೆ ಒಂದು ಋಣವಿದೆ, ಅದನ್ನು ಹೇಳಿಯೇ ಮುಂದೆ ಹೋಗಬೇಕು. ಈ ಊರಿನ ಹೆಸರನ್ನು ತಮ್ಮ ಹೆಸರಿನ ಮುಂದೆ ಹೊತ್ತವರು ಬೆಳ್ಳಾವೆ ವೆಂಕಟನಾರಣಪ್ಪನವರು. 1872ರಲ್ಲಿ ಹುಟ್ಟಿದವರು, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟರು. 1918ರಲ್ಲಿ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರ ಜೊತೆ ಸೇರಿ ‘ವಿಜ್ಞಾನ’ ಎಂಬ ಮಾಸಪತ್ರಿಕೆ ನಡೆಸಿದರು. ಪಂಪಭಾರತವನ್ನು ಸಂಪಾದಿಸಿದ ಕೈಯೇ ‘ಜೀವವಿಜ್ಞಾನ’ವನ್ನೂ ಬರೆಯಿತು. ಕನ್ನಡದಲ್ಲಿ ಹುಳುಹುಪ್ಪಟೆ, ಗಿಡಮರಗಳ ಬಗ್ಗೆ ಬರೆಯಲು ಕೂರುವ ನಮ್ಮಂಥವರೆಲ್ಲ ಅವರು ಸವೆಸಿದ ದಾರಿಯಲ್ಲೇ ನಡೆಯುವವರು.

ಈ ಸುತ್ತಿನಲ್ಲಿ ನೋಡಬೇಕಾದ ಹಳೆಯದೆಲ್ಲ ಕೆರೆಯ ಮಗ್ಗುಲಲ್ಲೇ ಇದೆ. ಗುಡಿ ಕಟ್ಟಿಸಿದವನು ಕೆರೆಯನ್ನೂ ಕಟ್ಟಿಸಿರುತ್ತಾನೆ, ಇಲ್ಲವೇ ಕೆರೆ ಇದ್ದ ಕಡೆ ಗುಡಿ ಕಟ್ಟಿಸಿರುತ್ತಾನೆ. ಆದ್ದರಿಂದ ಹೆದ್ದಾರಿಯ ಬೋರ್ಡು ನೋಡಿ ಹೋಗುವುದಕ್ಕಿಂತ ಒಂದು ಏರಿಯಿಂದ ಇನ್ನೊಂದು ಏರಿಗೆ ದಾರಿ ಕೇಳಿಕೊಂಡು ಹೋಗುವುದೇ ಲೇಸು. ಏರಿಯ ಮೇಲಿನ ದಾರಿ ಚಪ್ಪಟೆ, ಬಹುಪಾಲು ಕಡೆ ಹೊಂಗೆಯದೋ ಹುಣಸೆಯದೋ ನೆರಳಿದೆ, ಲಾರಿ ಬರುವುದಿಲ್ಲ. ಮೇಲಾಗಿ ಎರಡು ಲೋಕ ಒಟ್ಟಿಗೇ ಕಾಣುತ್ತವೆ. ಒಂದು ಕಡೆ ನೀರು: ನಾಮದಕೋಳಿ, ಗುಳುಮುಳುಕ, ಮುಳುಗಿದ ಜಾಲಿಯ ಕೊಂಬೆಯಲ್ಲಿ ರೆಕ್ಕೆ ಹರವಿ ಒಣಗಿಸಿಕೊಳ್ಳುವ ನೀರುಕಾಗೆ. ಇನ್ನೊಂದು ಕಡೆ ತೂಬಿನ ಕೆಳಗಿನ ಗದ್ದೆ, ಅಡಿಕೆ, ತೆಂಗು: ಗೋವಕ್ಕಿ, ಕಳ್ಳಿಪೀರ, ವಿದ್ಯುತ್ ತಂತಿಯ ಮೇಲೆ ಬಾಲ ಕವಲೊಡೆದ ಕಾಜಾಣ. ಮಿಂಚುಳ್ಳಿಗೆ ಮಾತ್ರ ಎರಡೂ ಕಡೆ ವ್ಯಾಪಾರ. ಎದೆ ಬಿಳಿ ಇರುವ ಮಿಂಚುಳ್ಳಿ ಗದ್ದೆಯಲ್ಲಿ ಮಿಡತೆ, ಓತಿ ಹಿಡಿಯುತ್ತದೆ. ಚಿಕ್ಕ ನೀಲಿ ಮಿಂಚುಳ್ಳಿ ನೀರು ಬಿಟ್ಟು ಬರುವುದಿಲ್ಲ.

ಸೈಕಲ್ಲಿಗೆ ಇಲ್ಲಿ ಒಂದು ಅನುಕೂಲವಿದೆ. ಅದರ ಸದ್ದು ಹಕ್ಕಿಗಳಿಗೆ ಅಭ್ಯಾಸ. ಹಾಲಿನ ಕ್ಯಾನು ನೇತುಹಾಕಿಕೊಂಡು ಡೈರಿಗೆ ಹೋಗುವವರು, ಮೇವು ಹೇರಿಕೊಂಡು ಬರುವವರು ದಿನವೂ ಓಡಾಡುವ ದಾರಿ. ಸೈಕಲ್ ಸಾಗುತ್ತಿರುವವರೆಗೆ ಬೆಳ್ಳಕ್ಕಿ ತಲೆ ಎತ್ತುವುದಿಲ್ಲ. ಬ್ರೇಕು ಹಿಡಿದು ಕಾಲು ಊರಿದ ಕ್ಷಣವೇ ಕತ್ತು ನೀಳವಾಗುತ್ತದೆ. ಹಾಗಾಗಿ ನಿಲ್ಲುವುದಾದರೆ ಮರ ಅಡ್ಡವಾಗುವ ಕಡೆ ನಿಲ್ಲಬೇಕು, ನಿಂತ ಮೇಲೆ ಹತ್ತು ನಿಮಿಷ ಅಲುಗಬಾರದು.

ಈಗಿನ ಕೆರೆಗಳ ಕ್ಯಾಲೆಂಡರ್ ಮಳೆಯದಲ್ಲ, ನಾಲೆಯದು. ಗೊರೂರಿನ ಅಣೆಕಟ್ಟಿನಿಂದ ಹೇಮಾವತಿಯ ನೀರು ನಾಲೆಯಲ್ಲಿ ಈ ಭಾಗದ ಹಲವು ಕೆರೆಗಳಿಗೆ ಬರುತ್ತದೆ. ತುಮಕೂರಿನವರು ಕುಡಿಯುವ ಬುಗುಡನಹಳ್ಳಿ ಕೆರೆಯ ನೀರೂ ಅದೇ. ಹದ ಮಳೆ ಬೀಳದ ವರ್ಷವೂ ಕೆರೆ ತುಂಬಿ ನಿಂತಿರುವುದು ಕಾಣುತ್ತದೆ. ರೈತನಿಗೂ ಊರಿಗೂ ಅದು ಸಂತೋಷವೇ, ಮುಳುಗಿ ಮೀನು ಹಿಡಿಯುವ ಹಕ್ಕಿಗೂ ಸಂತೋಷವೇ. ಕೆಸರಂಚಿನಲ್ಲಿ ಹುಳು ಹೆಕ್ಕುವ ಗೊರವಗಳಿಗೆ ಮಾತ್ರ ತುಂಬಿದ ಕೆರೆಯಲ್ಲಿ ಕಾಲಿಡಲು ಜಾಗವಿಲ್ಲ. ಅವನ್ನು ನೋಡಬೇಕಿದ್ದರೆ ನಾಲೆಯ ನೀರು ತಲುಪದ ಸಣ್ಣ ಕಟ್ಟೆಗಳನ್ನು ಹುಡುಕಬೇಕು.

ಗುಬ್ಬಿಯಲ್ಲಿ ಚನ್ನಬಸವೇಶ್ವರನಿಗೆ ಕೈ ಮುಗಿದು, ಕಾಫಿ ಕುಡಿದು ಹೊರಟರೆ ಸಾಕು. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯ ಊರು. ರಂಗದ ಮೇಲೆ ಆನೆ ತಂದ ವೀರಣ್ಣನವರ ಕಥೆ ಹೇಳುವವರು ಅಲ್ಲಿ ಬೇಕಾದಷ್ಟು ಜನ ಸಿಗುತ್ತಾರೆ. ಪಶ್ಚಿಮಕ್ಕೆ, ನಿಟ್ಟೂರಿನ ಕಡೆ, ಹೊಯ್ಸಳರ ಕಾಲದ ಬಸದಿ ಇದೆ. ಅದೇ ಸೀಮೆಯಲ್ಲಿ ಬಿದರೆಹಳ್ಳ ಕಾವಲು. ಕಾವಲೆಂದರೆ ದನ ಮೇಯುವ ಹುಲ್ಲುಗಾವಲು. ಅಲ್ಲಿಯ 615 ಎಕರೆಯಲ್ಲಿ ಈಗ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಇದೆ, 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾಯಿತು. ಕಾಡು ಕಡಿದರೆ ಕೂಗುವವರಿದ್ದಾರೆ. ಹುಲ್ಲುಗಾವಲು ಹೋದರೆ ‘ಪಾಳುಬಿದ್ದ ಜಾಗ ತಾನೇ’ ಎನ್ನುವವರೇ ಹೆಚ್ಚು. ನೆಲಕ್ಕೇ ಮೊಟ್ಟೆ ಇಡುವ ಬಾನಾಡಿಗೂ ಗೌಜಲಹಕ್ಕಿಗೂ ಅದು ಪಾಳಲ್ಲ.

ಕಡಬದ ಕೆರೆಯ ಮೇಲೆ ನಿಂತಾಗ ಶಿಂಷೆಯನ್ನು ನೆನೆಯಬೇಕು. ದೇವರಾಯನದುರ್ಗದ ಬೆಟ್ಟದಲ್ಲಿ ಹುಟ್ಟುವ ಹೊಳೆ ಅದು. ಅದೇ ಬೆಟ್ಟದ ಜಯಮಂಗಲಿ ಬಡಗಣಕ್ಕೆ ಹರಿದು ಪಿನಾಕಿನಿಯನ್ನು ಸೇರುತ್ತದೆ. ಶಿಂಷೆ ಕಡಬ, ಮಾರ್ಕೋನಹಳ್ಳಿಗಳನ್ನು ಹಾದು ಕಾವೇರಿಯನ್ನು ಸೇರುತ್ತದೆ. ಕಡಬದಲ್ಲಿ ಸಿಕ್ಕ ತಾಮ್ರಶಾಸನ ರಾಷ್ಟ್ರಕೂಟ ಮೂರನೆಯ ಗೋವಿಂದನ ಕಾಲದ್ದು, ಕ್ರಿ.ಶ. 812ರದು. ಜೈನ ಮುನಿ ಅರ್ಕಕೀರ್ತಿಗೆ ಊರೊಂದನ್ನು ದಾನ ಕೊಟ್ಟ ಸಂಗತಿ ಅದರಲ್ಲಿದೆ. ಕುಣಿಗಲ್ ನಾಡನ್ನು ಆಳುತ್ತಿದ್ದ ವಿಮಲಾದಿತ್ಯನಿಗೆ ಹಿಡಿದಿದ್ದ ಶನಿಕಾಟವನ್ನು ಬಿಡಿಸಿದ್ದಕ್ಕೆ ಆ ದಾನವಂತೆ.

ಕಡಬದಿಂದ ಕುಣಿಗಲ್ಲಿಗೆ ಹೋಗುವ ಹಳ್ಳಿದಾರಿಗಳಲ್ಲಿ ಸುಗ್ಗಿಯ ಕಾಲಕ್ಕೆ ಹೋದವರಿಗೆ ರಸ್ತೆಯೇ ಕಣ. ರಾಗಿ ತೆನೆ, ಹುರುಳಿ ಬಳ್ಳಿಗಳನ್ನು ಟಾರಿನ ಮೇಲೆ ಹರಡಿರುತ್ತಾರೆ, ಬಸ್ಸು ಟ್ರ್ಯಾಕ್ಟರುಗಳ ಚಕ್ರವೇ ರೋಣಗಲ್ಲು. ಸೈಕಲ್ಲಿಗೆ ಇದು ಕಷ್ಟ. ಹುರುಳಿ ಬಳ್ಳಿ ಚೈನಿಗೆ ಸುತ್ತಿಕೊಳ್ಳುತ್ತದೆ, ಒಣ ರಾಗಿಹುಲ್ಲಿನ ಮೇಲೆ ಚಕ್ರ ಜಾರುತ್ತದೆ. ಇಳಿದು ತಳ್ಳುತ್ತಿದ್ದ ನನಗೆ ಮೊರ ಹಿಡಿದಿದ್ದ ಅಜ್ಜಿಯೊಬ್ಬರು ಹೇಳಿದರು: “ಅದ್ರ ಮೇಲೇ ಹತ್ತಿಸ್ಕೊಂಡ್ ಹೋಗಪ್ಪ, ಪರವಾಗಿಲ್ಲ.” ಆಮೇಲೆ ತಾವೇ ನಕ್ಕರು: “ಸೈಕಲ್ಲಿಗೆ ಏನ್ ಕಾಳು ಉದುರ್ತೈತೆ, ಬಿಡು.”

ಈ ರಸ್ತೆ ಕಣದ ಬಳಿ ಒಂದು ಗಂಟೆ ಕೂತರೆ ಒಂದು ಸರಪಳಿಯೇ ಬಿಚ್ಚಿಕೊಳ್ಳುತ್ತದೆ. ಮೊದಲು ಬೆಳವ, ಗುಬ್ಬಚ್ಚಿ, ಅಳಿಲು. ಸಂಜೆಯಾದ ಮೇಲೆ ಇಲಿ. ಇಲಿಯ ಹಿಂದೆ ಕೇರೆಹಾವು, ಕೊಳಕುಮಂಡಲ. ಚಳಿಗಾಲದ ರಾತ್ರಿ ಟಾರು ಮಣ್ಣಿಗಿಂತ ಹೆಚ್ಚು ಹೊತ್ತು ಬಿಸಿ ಉಳಿಸಿಕೊಳ್ಳುವುದರಿಂದ ಹಾವಿಗೆ ಅದೇ ಹಾಸಿಗೆ. ಬೆಳಗಿನ ಮೊದಲ ಬಸ್ಸು ಹೋದ ಮೇಲೆ ರಸ್ತೆಗೆ ಅಂಟಿದ್ದನ್ನು ಕಾಗೆ ಬಂದು ಕೀಳುತ್ತದೆ. ಬೆಳಕು ಹರಿಯುವ ಮುನ್ನ ಹೊರಟರೆ ನತ್ತಿಂಗ ಕಾಣುತ್ತದೆ. ರಸ್ತೆಯ ನಡುವೆ ಒಣ ಎಲೆಯ ಬಣ್ಣದಲ್ಲಿ ಕೂತು, ಲೈಟು ಬಿದ್ದಾಗ ಎರಡು ಕೆಂಡದ ಚುಕ್ಕಿ ತೋರಿಸಿ, ಚಕ್ರ ಹತ್ತಿರ ಬಂದ ಮೇಲಷ್ಟೇ ಸದ್ದಿಲ್ಲದೆ ಏಳುತ್ತದೆ. ಸೈಕಲ್ಲಿಗೆ ಅದು ತಪ್ಪಿಸಿಕೊಳ್ಳುತ್ತದೆ, ಕಾರಿಗೆ ತಪ್ಪಿಸಿಕೊಳ್ಳುವುದಿಲ್ಲ.

ಕುಣಿಗಲ್ಲಿನಲ್ಲಿ ಟಿಪ್ಪುವಿನ ಕಾಲದಿಂದ ಹೆಸರಾದ ಕುದುರೆ ಫಾರಂ ಇದೆ, ಜನಪದ ಗೀತೆಯಿಂದ ನಾಡಿಗೆಲ್ಲ ಗೊತ್ತಿರುವ ದೊಡ್ಡಕೆರೆ ಇದೆ. ಮೂಡಣ ಬೆಳಕಿನಲ್ಲಿ ಆ ಕೆರೆಯನ್ನು ನೋಡಿದವರು ಹಾಡು ಕಟ್ಟಿದವರ ಮೇಲೆ ತಕರಾರು ಎತ್ತಲಾರರು.

ಹಿಂತಿರುಗುವ ದಾರಿಯಲ್ಲಿ ನಾಗವಲ್ಲಿ ಸಿಗುತ್ತದೆ. ಕಾಡುಪಾಪ ಊರ ಮಗ್ಗುಲಲ್ಲೇ ಬಾಳುವ ಜಾಗ. ಅಂಗೈಯಲ್ಲಿ ಕೂರುವಷ್ಟು ಪ್ರಾಣಿ, ಮುಖದ ತುಂಬ ಕಣ್ಣು, ಬಾಲವಿಲ್ಲ. ರಾತ್ರಿ ಮಾತ್ರ ಹೊರಬಂದು ಬೇಲಿಸಾಲಿನ ಕೊಂಬೆಯಿಂದ ಕೊಂಬೆಗೆ ನಿಧಾನವಾಗಿ ಕೈ ಬದಲಿಸುತ್ತಾ ಹುಳು ತಿನ್ನುತ್ತದೆ. ಅದಕ್ಕೆ ಜಿಗಿಯಲು ಬಾರದು. ಕೊಂಬೆ ಕೊಂಬೆಗೆ ತಾಗಿರುವ ಹಳೇ ಬೇಲಿ ಕಡಿದು ಕಲ್ಲುಕಂಬ, ತಂತಿ ಹಾಕಿದರೆ ಅದರ ದಾರಿ ಅಲ್ಲಿಗೇ ಮುಗಿಯಿತು. ಹಗಲು ಸೈಕಲ್ಲಿನಲ್ಲಿ ಹೋಗುವವರಿಗೆ ಅದು ಕಾಣುವುದಿಲ್ಲ, ಬೇಲಿ ಮಾತ್ರ ಕಾಣುತ್ತದೆ. ಬೇಲಿಯನ್ನೇ ನೋಡಿಕೊಂಡು ಬನ್ನಿ.

ಗೂಳೂರಿನ ದೊಡ್ಡ ಗಣಪನನ್ನು ಮಣ್ಣಿನಲ್ಲೇ ಮಾಡಿ, ಬಲಿಪಾಡ್ಯಮಿಯಿಂದ ಪೂಜಿಸಿ, ಕಾರ್ತಿಕ ಕಳೆದ ಮೇಲೆ ಊರ ಕೆರೆಗೇ ಬಿಡುತ್ತಾರೆ. ಅಲ್ಲಿಂದ ಕೈದಾಳ ಹತ್ತಿರ. 1150ರ ಆಸುಪಾಸಿನಲ್ಲಿ ಹೊಯ್ಸಳ ಸಾಮಂತ ಗೂಳಿ ಬಾಚಿ ಕಟ್ಟಿಸಿದ ಚೆನ್ನಕೇಶವ, ಕರಿಶಿಲೆಯ ಆಳೆತ್ತರದ ಮೂರ್ತಿ. ಬಾಚಿಯದು ಉದಾರ ಮನಸ್ಸು. ಶಿವನಿಗೆ, ವಿಷ್ಣುವಿಗೆ, ಜಿನನಿಗೆ ಮೂವರಿಗೂ ಗುಡಿ ಕಟ್ಟಿಸಿದ. ಜಕಣಾಚಾರಿಗೆ ಕಳೆದುಕೊಂಡ ಕೈ ಮತ್ತೆ ಬಂದದ್ದು ಇಲ್ಲೇ ಎಂಬ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಗುಡಿಯ ಸಂದಿಗಳಲ್ಲಿ ಬಾವಲಿ ಇರುವುದನ್ನು ಯಾರೂ ಹೇಳುವುದಿಲ್ಲ, ಮೂಗು ಹೇಳುತ್ತದೆ.

ಇನ್ನೊಂದು ಮಾತು ತೆಂಗಿನದು. ಈ ಸುತ್ತಿನುದ್ದಕ್ಕೂ ಸುಳಿ ಹೋಗಿ ಬರಿ ಕಾಂಡವಾಗಿ ನಿಂತ ತೆಂಗು ಕಾಣುತ್ತವೆ. ಮರಕುಟಿಗ ಮೊದಲು ಅದರಲ್ಲಿ ತೂತು ಕೊರೆಯುತ್ತದೆ. ಅದು ಬಿಟ್ಟ ಮನೆಗೆ ಗಿಳಿ ಬರುತ್ತದೆ, ಹಾಲಕ್ಕಿ ಬರುತ್ತದೆ. ತಲೆ ಮುರಿದು ಮೇಲೆ ಪೊಟರೆಯಾದರೆ ನಮ್ಮ ರಾಜ್ಯಪಕ್ಷಿ ನೀಲಕಂಠ ಗೂಡು ಮಾಡುತ್ತದೆ. ಕೊಳೆತ ಕಾಂಡದಲ್ಲಿ ತೆಂಗು ಕೊರೆಯುವ ದುಂಬಿ ಮರಿ ಮಾಡುತ್ತದೆ, ತೆಗೆಸಿಬಿಡಿ ಎಂದು ಕೃಷಿ ಬಲ್ಲವರು ಹೇಳುತ್ತಾರೆ. ಅದು ಸರಿಯೇ, ತೋಟದವರಿಗೆ ತೆಗೆಯಬೇಡಿ ಎನ್ನಲು ನನಗೆ ಬಾಯಿಲ್ಲ. ಆದರೆ ನೀಲಕಂಠ ಗೂಡಿಗೆ ಕೂರುವುದು ಹೆಚ್ಚಾಗಿ ಮಾರ್ಚಿಯಿಂದ ಜೂನ್‌ವರೆಗೆ. ಕಡಿಸುವುದಾದರೆ ಮರಿ ಹಾರಿಹೋದ ಮೇಲೆ, ಮಳೆಗಾಲ ಮುಗಿಯುವಾಗ ಕಡಿಸಿ; ಕೊಡಲಿ ಹಾಕುವ ಮುನ್ನ ಒಮ್ಮೆ ತಲೆ ಎತ್ತಿ ಪೊಟರೆ ನೋಡಿ.