ದಾನಶಾಸನದ ಊರು ಏಕಸಂಬಿ: ಹಬ್ಬದ ದಿನಗಳಲ್ಲಿ ಮನೆಗಳಿಗೆ ಒದಗುವ ಆಸರೆ

ಬೆಳಗಾವಿ ಜಿಲ್ಲೆಯ ಚಿಕ್ಕೋಡಿ ತಾಲ್ಲೂಕಿನ ಉತ್ತರದ ಅಂಚಿನಲ್ಲಿ, ದೂಧಗಂಗೆಯ ಕಪ್ಪು ನೆಲದ ಬಯಲಿನಲ್ಲಿ, ಮಹಾರಾಷ್ಟ್ರದ ಗಡಿಗೆ ಆತುಕೊಂಡಿರುವ ಏಕಸಂಬಿ ಇಂದು ಪಟ್ಟಣ ಪಂಚಾಯಿತಿಯುಳ್ಳ ಊರು. ಸುತ್ತಲಿನವರ ಬಾಯಲ್ಲಿ ಅದು ಯಕ್ಸಂಬಾ. ಕಬ್ಬು ಮತ್ತು ಹಾಲು ಇಲ್ಲಿನ ಬದುಕಿನ ಎರಡು ಆಧಾರಗಳಾಗಿದ್ದು, ಕನ್ನಡ ಮತ್ತು ಮರಾಠಿ ಒಂದೇ ಮಾತಿನಲ್ಲಿ ಬೆರೆತು ಬರುವ ಈ ಸೀಮೆಯಲ್ಲಿ ವ್ಯವಹಾರದ ಪದಗಳು ಎರಡು ಭಾಷೆಗಳಿಗೂ ಸಮನಾಗಿ ಸೇರಿವೆ. ಹಬ್ಬದ ದಿನಗಳಲ್ಲಿ ಬಡ ಮನೆಗಳ ಒಲೆ ಹೇಗೆ ಉರಿಯುತ್ತದೆ ಎಂಬ ಪ್ರಶ್ನೆಯನ್ನು ಹಿಡಿದು ಈ ಊರನ್ನೂ ಅದರ ನೆರೆಯ ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳನ್ನೂ ನೋಡಿದರೆ, ಆ ಹೊಣೆಯನ್ನು ಯಾವುದೋ ಒಂದು ದತ್ತಿ ಸಂಸ್ಥೆ ಹೊತ್ತಿಲ್ಲ, ಬಸದಿ, ಮಠ, ಮಸೀದಿ, ಹಾಲಿನ ಡೇರಿ, ಸಕ್ಕರೆ ಕಾರ್ಖಾನೆ, ಓಣಿಯ ಹೆಂಗಸರ ಗುಂಪು ಇವೆಲ್ಲ ತಮ್ಮ ತಮ್ಮ ಪಾಲನ್ನು ಹಂಚಿಕೊಂಡಿವೆ ಎಂಬುದು ಕಾಣುತ್ತದೆ.

ದಾನದ ವಿಷಯದಲ್ಲಿ ಏಕಸಂಬಿಗೆ ಕಲ್ಲಿನ ಮೇಲೆ ಬರೆದ ಚರಿತ್ರೆಯೇ ಇದೆ. 12ನೆಯ ಶತಮಾನದಲ್ಲಿ ಈ ಭಾಗವು ಕೊಲ್ಹಾಪುರದ ಶಿಲಾಹಾರರ ಆಳ್ವಿಕೆಯಲ್ಲಿದ್ದು, ಆಗ ಊರಿನ ಹೆಸರು ಎಕ್ಕಸಂಬುಗೆ ಎಂದಿತ್ತು. ಶಿಲಾಹಾರ ದೊರೆ ವಿಜಯಾದಿತ್ಯನ ದಂಡನಾಯಕನಾಗಿದ್ದ ಕಾಳಣನು ಇಲ್ಲಿ ನೇಮಿನಾಥ ತೀರ್ಥಂಕರನ ಬಸದಿಯನ್ನು ಕಟ್ಟಿಸಿದನು; ಅದರ ಕೀರ್ತಿಯನ್ನು ಕೇಳಿ ಸವದತ್ತಿಯ ರಟ್ಟರ ಅರಸ ಮೂರನೆಯ ಕಾರ್ತವೀರ್ಯನು ತಾನೇ ಬಂದು ನೋಡಿ 1165ರಲ್ಲಿ ಬಸದಿಗೆ ದಾನ ಕೊಟ್ಟನು ಎಂದು ಶಾಸನದಿಂದ ತಿಳಿಯುತ್ತದೆ. ದಾನವನ್ನು ಸ್ವೀಕರಿಸಿದ ವಿಜಯಕೀರ್ತಿ ಯಾಪನೀಯ ಸಂಘದ ಮುನಿ. ಯಾಪನೀಯರೆಂದರೆ ದಿಗಂಬರರಂತೆ ನಗ್ನರಾಗಿದ್ದೂ ಸ್ತ್ರೀಯರಿಗೆ ಅದೇ ಜನ್ಮದಲ್ಲಿ ಮೋಕ್ಷವುಂಟು ಎಂಬ ಶ್ವೇತಾಂಬರರ ಮಾತನ್ನು ಒಪ್ಪುತ್ತಿದ್ದ, ಕರ್ನಾಟಕದಲ್ಲಿ ಬಹುಕಾಲ ಬಾಳಿ ಆಮೇಲೆ ಕಣ್ಮರೆಯಾದ ಜೈನ ಪಂಥದವರು. ಪೂಜೆ, ಜೀರ್ಣೋದ್ಧಾರ, ಮುನಿಗಳ ಆಹಾರ ಇವು ಅಂದಿನ ಬಸದಿಯ ದಾನಗಳ ಸಾಮಾನ್ಯ ಉದ್ದೇಶಗಳು. ದಾನಿಯ ಮನಸ್ಸು ನಾಳೆ ಬದಲಾದರೂ, ಅವನ ವಂಶವೇ ಇಲ್ಲವಾದರೂ, ಸ್ಥಳಕ್ಕೆ ಸಂದ ಉತ್ಪನ್ನ ಸಲ್ಲುತ್ತಲೇ ಇರಬೇಕೆಂದು ಅದನ್ನು ಕಲ್ಲಿಗೆ ಏರಿಸಲಾಗುತ್ತಿತ್ತು. ಉಣ್ಣುವವನು ಪ್ರತಿ ಸಲ ಕೈಯೊಡ್ಡಿ ನಿಲ್ಲಬೇಕಾಗಿಲ್ಲದ ಈ ಏರ್ಪಾಡು ಮುಂದಿನ ಎಂಟು ಶತಮಾನಗಳಲ್ಲಿ ಬೇರೆ ಬೇರೆ ವೇಷ ತೊಟ್ಟು ಇದೇ ಸೀಮೆಯಲ್ಲಿ ಉಳಿದಿರುವುದು ಗಮನಿಸಬೇಕಾದ ಸಂಗತಿ.

ಜೈನರಲ್ಲಿ ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ಬಗೆಯ ದಾನಗಳನ್ನು ಹೇಳುತ್ತಾರೆ. ಶಾಸ್ತ್ರದಾನವೆಂದರೆ ವಿದ್ಯೆಯನ್ನು ಕೊಡುವುದು, ಅಭಯದಾನವೆಂದರೆ ಜೀವಕ್ಕೆ ರಕ್ಷಣೆ ಕೊಡುವುದು. ಭಾದ್ರಪದ ಶುಕ್ಲ ಪಂಚಮಿಯಿಂದ ಚತುರ್ದಶಿಯವರೆಗೆ ಆಚರಿಸುವ ದಶಲಕ್ಷಣ ಪರ್ವದಲ್ಲಿ ಎಂಟನೆಯ ದಿನ ಉತ್ತಮ ತ್ಯಾಗಕ್ಕೆ ಮೀಸಲಾಗಿದ್ದು, ಬಿಡುವುದು ಮತ್ತು ಕೊಡುವುದು ಅಂದಿನ ಚಿಂತನೆಯ ವಿಷಯವಾಗುತ್ತದೆ. ಆಧುನಿಕ ಕಾಲದಲ್ಲಿ ದಿಗಂಬರ ಮುನಿಪರಂಪರೆಗೆ ಮರುಜೀವ ಕೊಟ್ಟ ಆಚಾರ್ಯ ಶಾಂತಿಸಾಗರರ ಊರು ಇದೇ ಸೀಮೆಯ, ವೇದಗಂಗಾ–ದೂಧಗಂಗೆಗಳ ಸಂಗಮದ ಭೋಜ. ಆಚಾರ್ಯ ದೇಶಭೂಷಣರ ಊರು ಚಿಕ್ಕೋಡಿ ಬಳಿಯ ಕೋಥಳಿ. ದಕ್ಷಿಣ ಭಾರತ ಜೈನ ಸಭೆ 1899ರಲ್ಲಿ ಹುಟ್ಟಿದ್ದು ನಿಪ್ಪಾಣಿಯ ಸಮೀಪದ ಸ್ತವನಿಧಿ ಕ್ಷೇತ್ರದಲ್ಲಿ. ಈ ಸಭೆ ಶಾಸ್ತ್ರದಾನವನ್ನು ಹೊಸ ಕಾಲಕ್ಕೆ ಒಗ್ಗಿಸಿ, ಈ ಸೀಮೆಯವರು ಇಂದಿಗೂ ಬೋರ್ಡಿಂಗ್ ಎಂದೇ ಕರೆಯುವ ವಿದ್ಯಾರ್ಥಿನಿಲಯಗಳನ್ನು ಊರೂರಿಗೆ ತಂದಿತು.

ವೀರಶೈವ ಮಠಗಳಲ್ಲಿ ಆಹಾರದಾನಕ್ಕೆ ದಾಸೋಹವೆಂಬ ಹೆಸರಿದೆ. ಕೊಡುವವನು ತಾನು ದಾಸನೆಂದು ಭಾವಿಸಿ ಬಡಿಸಬೇಕು, ಉಣ್ಣುವವನು ಪ್ರಸಾದವೆಂದು ಉಣ್ಣಬೇಕು ಎಂಬುದು ಅದರ ತಿರುಳು. ಮುರುಘೇಂದ್ರ ಶಿವಯೋಗಿಗಳು (1836–1921) ನೆಲೆಸಿದ್ದ ಅಥಣಿಯ ಗಚ್ಚಿನಮಠ, ವೀರಭದ್ರನ ಕ್ಷೇತ್ರವಾದ ಯಡೂರು, ಮಾಘ ಹುಣ್ಣಿಮೆಗೆ ಗಡಿಯ ಎರಡೂ ಕಡೆಯ ಜನರನ್ನು ಸೆಳೆಯುವ ರಾಯಬಾಗ ತಾಲ್ಲೂಕಿನ ಚಿಂಚಲಿ ಮಾಯಕ್ಕನ ಜಾತ್ರೆ, ಇವೆಲ್ಲವೂ ಹಬ್ಬವೆಂದರೆ ಪಂಕ್ತಿಯೂಟ ಎಂಬ ಅರ್ಥವನ್ನು ಉಳಿಸಿವೆ. ಕುಡಚಿಯಂಥ ಊರುಗಳ ಮುಸ್ಲಿಮರಲ್ಲಿ ರಮಜಾನಿನ ಫಿತ್ರಾ ಇನ್ನೂ ಖಚಿತವಾದ ಏರ್ಪಾಡು. ಮನೆಯ ಪ್ರತಿಯೊಬ್ಬ ಸದಸ್ಯನ ಲೆಕ್ಕಕ್ಕೆ ಸುಮಾರು ಎರಡು ಕಿಲೋ ಗೋಧಿಯನ್ನೋ ಅದರ ಬೆಲೆಯನ್ನೋ ಹಬ್ಬದ ನಮಾಜಿಗೆ ಮುಂಚೆಯೇ ಬಡವರಿಗೆ ತಲುಪಿಸಬೇಕು. ನಮಾಜು ಮುಗಿದ ಮೇಲೆ ಕೊಟ್ಟದ್ದು ಬರಿಯ ದಾನವೇ ಹೊರತು ಫಿತ್ರಾ ಅಲ್ಲ ಎಂಬ ಅಭಿಪ್ರಾಯ ಪ್ರಚಲಿತವಾಗಿದೆ. ಹಬ್ಬ ಕಳೆದ ಮರುದಿನ ಬರುವ ನೆರವಿನಿಂದ ಹಬ್ಬವಾಗುವುದಿಲ್ಲ ಎಂಬ ವ್ಯವಹಾರಜ್ಞಾನ ಈ ನಿಯಮದೊಳಗೆ ಅಡಗಿದೆ.

ಆದರೆ ಏಕಸಂಬಿ ಸೀಮೆಯ ಹಬ್ಬದ ಅರ್ಥಶಾಸ್ತ್ರ ನಿಜವಾಗಿ ತಿಳಿಯಬೇಕಾದರೆ ದೀಪಾವಳಿಯ ಹಿಂದಿನ ಎರಡು ವಾರಗಳಲ್ಲಿ ಹಾಲಿನ ಡೇರಿಯ ಕಟ್ಟೆಯ ಮೇಲೆ ನಡೆಯುವ ಮಾತುಗಳನ್ನು ಕೇಳಬೇಕು. ಅಲ್ಲಿ ಎಲ್ಲರ ಬಾಯಲ್ಲಿರುವ ಪದ ‘ಫರಕು’. ವರ್ಷವಿಡೀ ಹಾಲು ಹಾಕಿದವರಿಗೆ ಆಗಾಗ ಬಿಲ್ಲು ಸಂದಾಯವಾಗುತ್ತಿದ್ದರೂ, ಸಂಘವು ಲೀಟರಿಗೆ ಇಷ್ಟು ಎಂದು ಉಳಿಸಿಕೊಂಡ ದರದ ವ್ಯತ್ಯಾಸವನ್ನು ಒಟ್ಟುಗೂಡಿಸಿ ದೀಪಾವಳಿಯ ಮೊದಲು ಕೊಡುವುದಕ್ಕೆ ಆ ಹೆಸರು; ಗೋಕುಳ ಎಂದೇ ಹೆಸರಾದ ಪಕ್ಕದ ಕೊಲ್ಹಾಪುರದ ಹಾಲು ಒಕ್ಕೂಟವೂ ಈ ಪದ್ಧತಿಯನ್ನು ನಡೆಸಿಕೊಂಡು ಬಂದಿದೆ. ಎರಡು ಎಮ್ಮೆ ಕಟ್ಟಿದ ಮನೆಯ ಹೆಂಗಸಿಗೆ ಮಕ್ಕಳ ಬಟ್ಟೆ, ಎಣ್ಣೆ, ಕಡಲೆಹಿಟ್ಟು, ಚಕ್ಕಲಿ–ಕರಂಜಿ–ಚಿವಡಾಗಳ ಫರಾಳ ಎಲ್ಲವೂ ಈ ಫರಕಿನ ಮೇಲೆ ನಿಂತಿರುತ್ತದೆ. ಸಹಕಾರಿ ಸಕ್ಕರೆ ಕಾರ್ಖಾನೆಗಳು ಷೇರುದಾರರಿಗೆ ಹಬ್ಬಕ್ಕಾಗಿ ರಿಯಾಯಿತಿ ದರದಲ್ಲಿ ಸಕ್ಕರೆ ಕೊಡುವ ರೂಢಿಯೂ ಇದೇ ಕಾಲದ್ದು: ಕಾರ್ಡು ಹಿಡಿದು ಸರದಿಯಲ್ಲಿ ನಿಂತವರ ಹೆಸರನ್ನು ಗುಮಾಸ್ತ ವಹಿಯಲ್ಲಿ ಹುಡುಕುತ್ತಾನೆ, ಸಕ್ಕರೆ ತೂಗುತ್ತಾನೆ, ಕಾರ್ಡಿನ ಮೇಲೆ ಠಸ್ಸೆ ಒತ್ತುತ್ತಾನೆ. ಇದಲ್ಲದೆ ಓಣಿಯ ಹೆಂಗಸರು ವಾರಕ್ಕಿಷ್ಟು ಎಂದು ಕೂಡಿಹಾಕಿ ದೀಪಾವಳಿಗೆ ಒಡೆಯುವ ಭಿಶಿ, ಅಂದರೆ ಬರಹಕ್ಕಿಂತ ನಂಬಿಕೆಯ ಮೇಲೆಯೇ ನಡೆಯುವ ಉಳಿತಾಯದ ಕೂಟ, ಡೇರಿಗೂ ಕಾರ್ಖಾನೆಗೂ ಸೇರದ ಮನೆಗಳನ್ನು ಒಂದಿಷ್ಟು ಎತ್ತಿ ಹಿಡಿಯುತ್ತದೆ.

ಇದು ದಾನವೇ ಎಂದು ಯಾರಾದರೂ ಕೇಳಬಹುದು, ಮತ್ತು ಕೇಳುವುದು ನ್ಯಾಯವೇ. ಫರಕೆಂದರೆ ಹಾಲು ಹಾಕಿದವರದೇ ಹಣ, ಸಕ್ಕರೆ ಷೇರಿನ ಮೇಲಣ ಹಕ್ಕು. ಆದರೂ ಒಂದು ಮನೆಗೆ ಹಬ್ಬದ ಹೊತ್ತಿಗೆ ಸರಿಯಾಗಿ ಕೈಗೆ ಹಣ ಸಿಗುವಂತೆ ವರ್ಷದ ಲೆಕ್ಕವನ್ನೇ ಹೊಂದಿಸಿಟ್ಟಿರುವುದು ಸಣ್ಣ ಉಪಕಾರವಲ್ಲ, ಮತ್ತು ಪಡೆಯುವವರು ಯಾರಿಗೂ ಋಣಿಗಳಾಗದೆ ಪಡೆಯುತ್ತಾರೆ ಎಂಬುದು ಅದರ ಹೆಚ್ಚುಗಾರಿಕೆ. ಹಾಲುಮತದವರ ದೈವವಾದ ಬೀರೇಶ್ವರನ ಹೆಸರಿನ ಪತ್ತಿನ ಸಹಕಾರಿ ಸಂಸ್ಥೆಯೊಂದು ಏಕಸಂಬಿಯಲ್ಲೇ ಮುಖ್ಯ ಕಚೇರಿಯನ್ನಿಟ್ಟುಕೊಂಡು ರಾಜ್ಯದ ಗಡಿಯಾಚೆಗೂ ಬೆಳೆದಿರುವುದನ್ನು ನೋಡಿದರೆ, ಸಹಕಾರವೆಂಬುದು ಇಲ್ಲಿನ ಜನಕ್ಕೆ ಎಷ್ಟು ಒಗ್ಗಿದೆ ಎಂಬುದು ಊಹೆಗೆ ಬರುತ್ತದೆ.

ಶ್ರಾವಣದಲ್ಲಿ ಈ ಲೆಕ್ಕವನ್ನೆಲ್ಲ ಹೊಳೆ ತಿದ್ದುತ್ತದೆ. ಸಹ್ಯಾದ್ರಿಯಲ್ಲಿ ಮಳೆ ಹಿಡಿದರೆ ಕೊಯ್ನಾದ ನೀರು ಕೃಷ್ಣೆಗೆ, ಕಾಳಮ್ಮವಾಡಿ ಜಲಾಶಯದ ನೀರು ದೂಧಗಂಗೆಗೆ ಇಳಿಯುತ್ತದೆ. ರಾಜಾಪುರ ಬ್ಯಾರೇಜಿನಿಂದ ಬರುವ ಕೃಷ್ಣೆಯ ನೀರಿಗೆ ದೂಧಗಂಗೆಯದನ್ನು ಕೂಡಿಸಿ ಕಲ್ಲೋಳದ ಬಳಿ ಒಟ್ಟು ಎಷ್ಟು ಕ್ಯುಸೆಕ್, ಅಂದರೆ ಸೆಕೆಂಡಿಗೆ ಎಷ್ಟು ಘನ ಅಡಿ, ಎಂದು ದಿನಪತ್ರಿಕೆಗಳು ಪ್ರತಿ ಮಳೆಗಾಲದಲ್ಲೂ ಬರೆಯುತ್ತವೆ. ಅದರ ಬೆನ್ನಿಗೇ ಕಲ್ಲೋಳ–ಯಡೂರು, ಮಲಿಕವಾಡ–ದತ್ತವಾಡ, ಕಾರದಗಾ–ಭೋಜ, ಜತ್ರಾಟ–ಭಿವಶಿ ಎಂದು ಮುಳುಗಿದ ಕೆಳಸೇತುವೆಗಳ ಪಟ್ಟಿ ಬರುತ್ತದೆ, ಪಂಚಾಂಗದಷ್ಟೇ ತಪ್ಪದೆ. 2005ರ ನೆರೆಯನ್ನು ಹಿರಿಯರು ಮರೆತಿರಲಿಲ್ಲ. 2019ರ ಆಗಸ್ಟ್ ತಿಂಗಳಿನದು ಅದನ್ನೂ ಮೀರಿತು. ಆ ವರ್ಷ ನಾಗರ ಪಂಚಮಿ ಆಗಸ್ಟ್ 5ರಂದು ಬಂದಿತ್ತು. ಉತ್ತರ ಕರ್ನಾಟಕದಲ್ಲಿ ಪಂಚಮಿಯೆಂದರೆ ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ, ಶೇಂಗಾ ಉಂಡಿ, ಎಳ್ಳುಂಡಿ, ತಂಬಿಟ್ಟು ಕಟ್ಟುವ, ಮರಕ್ಕೆ ಜೋಕಾಲಿ ಹಾಕುವ ಹಬ್ಬ; ಆ ವಾರ ನದಿತೀರದ ಹಳ್ಳಿಗಳಲ್ಲಿ ತವರೆಂಬುದು ಶಾಲೆಯ ಕೋಣೆಯಾಯಿತು.

ಆಗ ಒದಗಿದ ನೆರವಿನಲ್ಲಿ ಹೆಸರಿಸಬೇಕಾದದ್ದು ರೊಟ್ಟಿ. ನೆರೆ ಬಾರದ ಊರುಗಳಲ್ಲಿ ಮನೆಗಿಷ್ಟು ಎಂದು ಜೋಳದ ರೊಟ್ಟಿ ತಟ್ಟಿ, ಒಣಗಿಸಿ, ಶೇಂಗಾ ಚಟ್ನಿಯ ಪುಡಿಯೊಂದಿಗೆ ಬಟ್ಟೆಯಲ್ಲಿ ಕಟ್ಟಿ, ಟೆಂಪೋಗಳಲ್ಲಿ ಹೇರಿ ಕಳುಹಿಸಿದರು. ಹೀಗೆ ಒಣಗಿಸಿದ ಕಟಕ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ, ಅದನ್ನು ತಿನ್ನಲು ಒಲೆಯೂ ಬೇಡ. ಪಂಚಮಿಗೆ ಮುಂಚೆ ರೊಟ್ಟಿ ಹಂಚಿ ತಿನ್ನುವ ರೂಢಿ ಮೊದಲೇ ಇದ್ದ ನಾಡಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ದೂರದ ನಗರಗಳಿಂದ ಬಂದ ಹಳೆಯ ಬಟ್ಟೆಯ ಗಂಟುಗಳ ಪಕ್ಕದಲ್ಲಿಟ್ಟು ನೋಡಿದರೆ, ಪಡೆಯುವವರ ನಾಲಿಗೆಯನ್ನೂ ಮಾನವನ್ನೂ ಬಲ್ಲ ನೆರವು ಯಾವುದೆಂಬುದು ಬಿಡಿಸಿ ಹೇಳಬೇಕಾಗಿಲ್ಲ. ಸರ್ಕಾರವು ನೆರೆಪೀಡಿತ ಕುಟುಂಬಕ್ಕೆ ತಕ್ಷಣದ ಪರಿಹಾರವೆಂದು 10,000 ರೂಪಾಯಿ, ಪೂರ್ಣ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಘೋಷಿಸಿತು. ಹಿಂದೆ ಗಂಜಿ ಕೇಂದ್ರವೆಂದು ಕರೆಯುತ್ತಿದ್ದುದನ್ನು ಈಗ ಕಾಳಜಿ ಕೇಂದ್ರವೆಂದು ಕರೆಯುತ್ತಾರೆ; ಹೆಸರು ಬದಲಿಸಿದ್ದು ಒಳ್ಳೆಯದೇ, ಏಕೆಂದರೆ ಹೊಲ, ಕೊಟ್ಟಿಗೆ ಉಳ್ಳ ಒಕ್ಕಲಿಗ ನೀರು ಏರಿತೆಂದು ಗಂಜಿಗೆ ಬಂದವನಾಗುವುದಿಲ್ಲ. ದನಗಳನ್ನು ಬಿಟ್ಟು ಮನೆ ಖಾಲಿ ಮಾಡಲು ಈ ಸೀಮೆಯವರು ಒಪ್ಪುವುದಿಲ್ಲ. ಟ್ರಾಕ್ಟರಿನ ಟ್ರೇಲರಿಗೆ ಎಮ್ಮೆಗಳನ್ನು ಮೊದಲು ಹತ್ತಿಸಿ, ಮೇವಿನ ಸೂಡುಗಳ ಮೇಲೆ ಮುದುಕರನ್ನೂ ಮಕ್ಕಳನ್ನೂ ಕೂರಿಸಿಕೊಂಡು ಹೊರಡುವ ಜನ ಇವರು. ಹಾಲು ನಿಂತರೆ ಫರಕು ನಿಲ್ಲುತ್ತದೆ, ಫರಕು ನಿಂತರೆ ಮೂರು ತಿಂಗಳಾಚೆಯ ದೀಪಾವಳಿ ನಿಲ್ಲುತ್ತದೆ. ಆದ್ದರಿಂದ ಮನುಷ್ಯರಿಗೆ ಅನ್ನ ತಂದವರಷ್ಟೇ, ದನಗಳಿಗೆ ಮೇವು ತಂದವರೂ ಇಲ್ಲಿ ಹಬ್ಬವನ್ನು ಉಳಿಸಿಕೊಟ್ಟವರು.

ಈ ಏರ್ಪಾಡುಗಳೆಲ್ಲ ಎಷ್ಟೇ ಗಟ್ಟಿಯಾಗಿದ್ದರೂ ಅವುಗಳಿಗೊಂದು ಎಲ್ಲೆಯಿದೆ. ಮಠದ ಪಂಕ್ತಿಗೆ ಯಾರು ಬೇಕಾದರೂ ಕೂರಬಹುದು. ಫರಕಿಗೆ ಎಮ್ಮೆ ಬೇಕು, ಸಕ್ಕರೆಗೆ ಷೇರು ಬೇಕು. ಕಬ್ಬು ನುರಿಸುವ ಹಂಗಾಮು ಶುರುವಾಗುವುದು ದೀಪಾವಳಿಯ ಆಸುಪಾಸಿನಲ್ಲಿ, ಮತ್ತು ಆ ಹೊತ್ತಿಗೆ ಮಹಾರಾಷ್ಟ್ರದ ಬೀಡ ಕಡೆಯಿಂದಲೂ ವಿಜಯಪುರದ ಬರದ ಸೀಮೆಯಿಂದಲೂ ಕಬ್ಬು ಕಡಿಯುವ ಗ್ಯಾಂಗುಗಳು ಬಂದಿಳಿಯುತ್ತವೆ. ಗಂಡ ಹೆಂಡತಿ ಸೇರಿ ಲೆಕ್ಕದಲ್ಲಿ ಒಂದು ‘ಕೊಯತಾ’, ಅಂದರೆ ಒಂದು ಕುಡುಗೋಲು. ಗ್ಯಾಂಗಿನ ಗುತ್ತಿಗೆದಾರನಾದ ಮುಕಾದಮನಿಂದ ಮೊದಲೇ ಪಡೆದ ‘ಉಚಲು’, ಅಂದರೆ ಮುಂಗಡ ಹಣ, ತೀರುವವರೆಗೆ ಅವರು ಹೊಲದ ಬದಿಯ ಗುಡಿಸಲಿನಲ್ಲಿ ಇರುತ್ತಾರೆ, ಮಕ್ಕಳೂ ಜೊತೆಗೇ ಇರುತ್ತಾರೆ. ಆ ಮಕ್ಕಳಿಗಾಗಿ ಟೆಂಟ್ ಶಾಲೆ ನಡೆಸುವ, ಹಬ್ಬದ ದಿನ ಫರಾಳದ ಪೊಟ್ಟಣ ಒಯ್ದು ಕೊಡುವ ಮನೆಗಳೂ ಸಂಘಗಳೂ ಇಲ್ಲದಿಲ್ಲ, ಆದರೆ ಅದು ಕೊಡುವವರ ನೆನಪನ್ನು ಅವಲಂಬಿಸಿದ ನೆರವು. ಕಾರ್ಖಾನೆಗೆ ಬರುವ ಕಬ್ಬನ್ನು ಕಡಿಯುವವರು ಅವರು. ದೀಪಾವಳಿಯ ಸಕ್ಕರೆ ಹಂಚುವ ವಹಿಯಲ್ಲಿ ಅವರ ಹೆಸರಿಲ್ಲ.